ಬಂದರಿನಲ್ಲಿ ಕೇಳುವ ಪ್ರಶ್ನೆ, ತೋಟದಲ್ಲಿ ನಿಂತ ಮರ

(ಕೊಡಗಿನ ಗೋಣಿಕೊಪ್ಪಲಿನಲ್ಲಿ ಕಾಫಿ ಬೆಳೆಗಾರರು ಮತ್ತು ವಿದ್ಯಾರ್ಥಿಗಳ ಎದುರು ಆಡಿದ ಮಾತಿನ ಬರಹ ರೂಪ)

ನಾನು ಇಪ್ಪತ್ತೆರಡು ವರ್ಷ ಕಾಫಿ ಬೀಜ ಸುಲಿದು ಶುದ್ಧ ಮಾಡುವ ಒಂದು ಕ್ಯೂರಿಂಗ್ ವರ್ಕ್ಸ್‌ನಲ್ಲಿ ರಫ್ತಿನ ಕಾಗದಪತ್ರ ನೋಡಿಕೊಂಡಿದ್ದವನು. ಈಗ ಸಿದ್ದಾಪುರದ ಹತ್ತಿರ ಎಂಟು ಎಕರೆ ರೋಬಸ್ಟಾ ತೋಟ ನೋಡಿಕೊಳ್ಳುತ್ತೇನೆ. ಚೀಲ ತುಂಬಿಸುವ ಕಷ್ಟವೂ ಗೊತ್ತು, ತುಂಬಿದ ಚೀಲವನ್ನು ಹಡಗು ಹತ್ತಿಸುವ ಕಷ್ಟವೂ ಗೊತ್ತು. ಹೊರದೇಶದ ವ್ಯಾಪಾರದ ನಿಯಮಕ್ಕೂ ನಮ್ಮ ತೋಟದ ಮರಕ್ಕೂ ಏನು ಸಂಬಂಧ ಅನ್ನುವ ಇವತ್ತಿನ ವಿಷಯಕ್ಕೆ ನನ್ನನ್ನು ಕರೆದದ್ದು ಬಹುಶಃ ಅದಕ್ಕೇ.

ನಾನು ಕೆಲಸಕ್ಕೆ ಸೇರಿದಾಗ ವಿದೇಶದ ಕೊಳ್ಳುವವನು ಕೇಳುತ್ತಿದ್ದ ಪ್ರಶ್ನೆಗಳು ಇಷ್ಟೇ: ತೇವಾಂಶ ಎಷ್ಟು, ಕಾಳಿನ ಗಾತ್ರ ಎಷ್ಟು, ಕಪ್ಪು ಬೀಜ ಎಷ್ಟು, ಒಡೆದದ್ದು ಎಷ್ಟು. ಹೊಗೆ ಹಾಕಿಸಿದ ಸರ್ಟಿಫಿಕೇಟ್ ಒಂದು, ಸಸ್ಯ ಆರೋಗ್ಯದ ಸರ್ಟಿಫಿಕೇಟ್ ಒಂದು, ಯಾವ ದೇಶದ್ದು ಅನ್ನುವ ಮೂಲ ಪತ್ರ ಒಂದು. ಅಲ್ಲಿಗೆ ಕಡತ ಮುಗಿಯಿತು. ಕಾಫಿ ಯಾವ ಮರದ ಕೆಳಗೆ ಬೆಳೆಯಿತು, ಆ ಮರ ಈಗಲೂ ಇದೆಯಾ ಅಂತ ಇಪ್ಪತ್ತೆರಡು ವರ್ಷದಲ್ಲಿ ಒಬ್ಬನೂ ಕೇಳಲಿಲ್ಲ. ನಾನು ಬಿಟ್ಟು ಬರುವ ಹೊತ್ತಿಗೆ ಯುರೋಪಿನಿಂದ ಹೊಸದೊಂದು ಫಾರಂ ಬರುವ ಸುದ್ದಿ ಹಬ್ಬಿತ್ತು. ಅದರಲ್ಲಿ ತೋಟದ ಅಕ್ಷಾಂಶ ರೇಖಾಂಶ ಬರೆಯಬೇಕು, ಬಿಂದುವಿನ ನಂತರ ಆರು ಅಂಕಿ. ನನ್ನ ಜೊತೆ ಕೆಲಸ ಮಾಡುತ್ತಿದ್ದವರೊಬ್ಬರು ಅದನ್ನು ಓದಿ, "ಕಾಫಿ ಕೊಳ್ಳೋಕೋ, ಬಾಂಬ್ ಹಾಕೋಕೋ?" ಅಂದಿದ್ದರು. ನಕ್ಕೆವು. ಆದರೆ ಆ ಫಾರಮ್ಮಿನ ಹಿಂದೆ ಒಂದು ದೊಡ್ಡ ಜಗಳದ ಕತೆ ಇದೆ. ಅದನ್ನು ಮೊದಲು ಹೇಳುತ್ತೇನೆ. ಕತೆ ಕಾಫಿಯದ್ದಲ್ಲ, ಸೀಗಡಿಯದ್ದು.

ಸೀಗಡಿ ಹಿಡಿಯುವ ಬಲೆಯಲ್ಲಿ ಕಡಲಾಮೆಗಳು ಸಿಕ್ಕಿಹಾಕಿಕೊಂಡು ಉಸಿರುಗಟ್ಟಿ ಸಾಯುತ್ತವೆ. ಬಲೆಯ ಬಾಯಿಂದ ಸ್ವಲ್ಪ ಒಳಗೆ ಒಂದು ಕಂಬಿಯ ಜಾಲರಿ, ಅದರ ಪಕ್ಕದಲ್ಲೊಂದು ಕಿಂಡಿ ಇಟ್ಟರೆ ಸೀಗಡಿ ಒಳಗೆ ಹೋಗುತ್ತದೆ, ಆಮೆ ಕಿಂಡಿಯಿಂದ ಹೊರಗೆ ಜಾರುತ್ತದೆ. ಇಂಥ ಸಾಧನ ಇಲ್ಲದ ದೇಶಗಳ ಸೀಗಡಿಯನ್ನು ತರಿಸಿಕೊಳ್ಳುವುದಿಲ್ಲ ಅಂತ ಅಮೆರಿಕ ಕಾನೂನು ಮಾಡಿತು. ಅದರ ವಿರುದ್ಧ ವಿಶ್ವ ವ್ಯಾಪಾರ ಸಂಸ್ಥೆಗೆ ದೂರು ಕೊಟ್ಟ ದೇಶಗಳು ನಾಲ್ಕು: ಭಾರತ, ಮಲೇಷ್ಯಾ, ಪಾಕಿಸ್ತಾನ, ಥಾಯ್ಲೆಂಡ್. ಹೌದು, ಒಡಿಶಾದ ಕರಾವಳಿಗೆ ಲಕ್ಷಗಟ್ಟಲೆ ಆಮೆಗಳು ಮೊಟ್ಟೆ ಇಡಲು ಬರುವ ನಮ್ಮ ದೇಶವೇ ಫಿರ್ಯಾದುದಾರ.

ನಮ್ಮ ವಾದ ಸುಳ್ಳಾಗಿರಲಿಲ್ಲ. ಸೀಗಡಿ ಅಂದರೆ ಸೀಗಡಿ. ಹೇಗೆ ಹಿಡಿದದ್ದು ಅಂತ ಬೇರೆ ದೇಶ ಕೇಳುವ ಹಾಗಿಲ್ಲ. ಹಳೆಯ ವ್ಯಾಪಾರ ನಿಯಮದ ಬುನಾದಿಯೇ ಅದು: ವಸ್ತು ಒಂದೇ ಆದರೆ ಅದಕ್ಕೆ ಸಿಗುವ ಮರ್ಯಾದೆಯೂ ಒಂದೇ. 1991ರಲ್ಲಿ ಮೆಕ್ಸಿಕೊದ ಟ್ಯೂನಾ ಮೀನನ್ನು ಡಾಲ್ಫಿನ್ ಸಾಯುತ್ತವೆ ಅಂತ ಅಮೆರಿಕ ತಡೆದಾಗ ಆಗಿನ ತೀರ್ಪುಗಾರರ ಮಂಡಳಿ ಅಮೆರಿಕದ ವಿರುದ್ಧವೇ ಹೇಳಿತ್ತು. ಆದರೆ ದೇಶದೇಶಗಳ ನಡುವಿನ ವ್ಯಾಪಾರದ ಮೂಲ ಒಪ್ಪಂದವಾದ 1947ರ ಗ್ಯಾಟ್‌ನಲ್ಲಿ 20ನೇ ಕಲಂ ಅಂತ ಒಂದಿದೆ. ಮನುಷ್ಯ, ಪ್ರಾಣಿ, ಸಸ್ಯಗಳ ಜೀವ ಕಾಪಾಡಲು, ಮುಗಿದುಹೋಗುವ ನಿಸರ್ಗ ಸಂಪತ್ತನ್ನು ಉಳಿಸಲು ಒಂದು ದೇಶ ವ್ಯಾಪಾರಕ್ಕೆ ತಡೆ ಹಾಕಬಹುದು ಅನ್ನುತ್ತದೆ ಅದು. 1998ರ ಅಕ್ಟೋಬರಿನಲ್ಲಿ ಮೇಲ್ಮನವಿ ಮಂಡಳಿ ಕೊಟ್ಟ ತೀರ್ಪು ಇದನ್ನೇ ಹಿಡಿದುಕೊಂಡಿತು. ಆಮೆಯೂ ಮುಗಿದುಹೋಗುವ ಸಂಪತ್ತೇ, ಹಾಗಾಗಿ ಇಂಥ ಕಾನೂನಿಗೆ ಜಾಗ ಇದೆ ಅಂದಿತು. ಹಾಗೆ ಅಂದಮೇಲೂ ಅಮೆರಿಕ ಸೋತಿತು. ಯಾಕೆ ಗೊತ್ತಾ? ಕೆರಿಬಿಯನ್ ಪ್ರದೇಶದ ದೇಶಗಳಿಗೆ ಬಲೆ ಬದಲಾಯಿಸಲು ಮೂರು ವರ್ಷ ಕೊಟ್ಟಿದ್ದ ಅಮೆರಿಕ, ನಮಗೆಲ್ಲ ಕೊಟ್ಟದ್ದು ನಾಲ್ಕು ತಿಂಗಳು. ಒಬ್ಬರಿಗೆ ಒಂದು, ಇನ್ನೊಬ್ಬರಿಗೆ ಇನ್ನೊಂದು, ಮಾತುಕತೆಯೂ ಇಲ್ಲ. ಅದು ತಪ್ಪು ಅಂದರು. ಆಮೇಲೆ ಅಮೆರಿಕ ಕ್ರಮ ತಿದ್ದಿಕೊಂಡಿತು. ಮಲೇಷ್ಯಾ ಮತ್ತೆ ದೂರಿತು. 2001ರಲ್ಲಿ ಅಮೆರಿಕವೇ ಗೆದ್ದಿತು.

ಇಷ್ಟು ವಿವರವಾಗಿ ಹೇಳಿದ್ದಕ್ಕೆ ಕಾರಣ ಇದೆ. ವಸ್ತುವನ್ನಷ್ಟೇ ನೋಡುತ್ತಿದ್ದ ವ್ಯಾಪಾರದ ಕಾನೂನು, ಆ ವಸ್ತು ಹುಟ್ಟಿದ ರೀತಿಯನ್ನೂ ಕೇಳಬಹುದು ಅಂತ ಆದದ್ದು ಅಲ್ಲಿಂದ. "ನಮ್ಮ ತೋಟದ ವಿಷಯ ಯುರೋಪಿನವರಿಗೆ ಯಾಕೆ?" ಅಂತ ಗೋಣಿಕೊಪ್ಪ ಪೇಟೆಯಲ್ಲಿ ದಿನಾ ಕೇಳುತ್ತೇನೆ. ಕೇಳುವ ಹಕ್ಕೇ ಅವರಿಗಿಲ್ಲ ಅನ್ನುವ ವಾದದಲ್ಲಿ ನಮ್ಮ ದೇಶ ಆಗಲೇ ಒಮ್ಮೆ ಸೋತಾಗಿದೆ. ನಾವು ಗೆದ್ದದ್ದು ಕೇಳುವ ರೀತಿ ಸರಿಯಿಲ್ಲ, ಸಮಯ ಸಾಲದು ಅನ್ನುವ ಜಾಗದಲ್ಲಿ. ಈಗಲೂ ಜಗಳ ಆಡುವುದಾದರೆ ಅಲ್ಲೇ ಆಡಬೇಕು ಅನ್ನುವುದು ನನ್ನ ಅಭಿಪ್ರಾಯ.

ಇನ್ನು ನಮ್ಮ ಬೀಟೆ ಮರಕ್ಕೆ ಬರೋಣ.

ಕಾಡು ಪ್ರಾಣಿ, ಗಿಡಮರಗಳ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ಕಡಿವಾಣ ಹಾಕುವ ಒಪ್ಪಂದಕ್ಕೆ ಸೈಟಿಸ್ ಅನ್ನುತ್ತಾರೆ. 1973ರ ಮಾರ್ಚ್ 3ರಂದು ವಾಷಿಂಗ್ಟನ್‌ನಲ್ಲಿ ಸಹಿಯಾಗಿ 1975ರಲ್ಲಿ ಜಾರಿಗೆ ಬಂತು, ಮರುವರ್ಷ ಭಾರತವೂ ಸೇರಿತು. ಅದಕ್ಕೆ ಮೂರು ಪಟ್ಟಿ. ಮೊದಲನೆಯದರಲ್ಲಿರುವುದನ್ನು ವ್ಯಾಪಾರಕ್ಕೆ ಮುಟ್ಟುವ ಹಾಗಿಲ್ಲ. ನಮ್ಮ ತೋಟದೊಳಗೆ ರಾತ್ರಿ ಬಂದು ಹಲಸು ತಿಂದು ಹೋಗುತ್ತಾನಲ್ಲ, ಆ ಆನೆ ಅಲ್ಲಿದ್ದಾನೆ. ಎರಡನೆಯದರಲ್ಲಿರುವುದನ್ನು ಮಾರಬಹುದು, ಆದರೆ ಕಾಡಿನಲ್ಲಿ ಆ ಜಾತಿಗೆ ಪೆಟ್ಟು ಬೀಳುವುದಿಲ್ಲ ಅಂತ ರಫ್ತು ಮಾಡುವ ದೇಶದ ತಜ್ಞರು ಬರೆದುಕೊಡಬೇಕು. 2016ರಲ್ಲಿ ಜೊಹಾನ್ಸ್‌ಬರ್ಗಿನ ಸಭೆಯಲ್ಲಿ ಬೀಟೆಯ ಇಡೀ ಕುಲವನ್ನೇ ಈ ಎರಡನೇ ಪಟ್ಟಿಗೆ ಸೇರಿಸಿದರು. 2017ರ ಜನವರಿ 2ರಿಂದ ಜಾರಿ. ಚೀನಾದಲ್ಲಿ ಕೆಂಪು ಮರದ ಪೀಠೋಪಕರಣಕ್ಕೆ ಹುಟ್ಟಿದ ಹುಚ್ಚು ಬೇಡಿಕೆ, ಮಡಗಾಸ್ಕರ್‌ನಿಂದ ಹಿಡಿದು ಎಷ್ಟೋ ಕಡೆಯ ಕಾಡು ಬರಿದಾದದ್ದು ಕಾರಣ. ಕೊಯ್ದ ಹಲಗೆ ನೋಡಿ ಇದು ಯಾವ ದೇಶದ ಯಾವ ಜಾತಿಯ ಬೀಟೆ ಅಂತ ಬಂದರಿನ ಅಧಿಕಾರಿ ಹೇಳಲಾರ. ಅದಕ್ಕೇ ಒಂದೊಂದೇ ಜಾತಿ ಬಿಟ್ಟು ಕುಲವನ್ನೇ ಹಿಡಿದರು.

ಮೈಸೂರಿನ ಬೀಟೆ ಕುಸುರಿ ಕೆಲಸದವರಿಗೂ ಉತ್ತರ ಭಾರತದ ಶೀಶಮ್ ಕೆಲಸದವರಿಗೂ ಇದರಿಂದ ಬಿಸಿ ತಟ್ಟಿತು. ಶೀಶಮ್ ಊರ ತುಂಬ ಬೆಳೆಯುವ ಮರ, ಅಳಿವಿನ ಭಯ ಇಲ್ಲ, ಆದರೂ ಅದೇ ಕುಲ. ಭಾರತ ಅದಕ್ಕಾಗಿ ಗುದ್ದಾಡಿತು. 2022ರಲ್ಲಿ ಪನಾಮಾದ ಸಭೆಯಲ್ಲಿ, ಒಂದೊಂದು ವಸ್ತುವಿನ ತೂಕ 10 ಕಿಲೋ ಒಳಗಿದ್ದರೆ ಶೀಶಮ್ ಸಾಮಾನು ಎಷ್ಟಿದ್ದರೂ ಒಂದೇ ಲೋಡಿನಲ್ಲಿ ಪರವಾನಗಿ ಇಲ್ಲದೆ ಕಳಿಸಬಹುದು ಅನ್ನುವ ಸ್ಪಷ್ಟನೆ ಸಿಕ್ಕಿತು. ನಿಯಮ ಒಪ್ಪಿಕೊಂಡು ಒಳಗೆ ಕೂತು ತಿದ್ದಿಸಿದ ಉದಾಹರಣೆ ಇದು.

ಸರಿ, ಕೊಡಗಿನಲ್ಲಿ ಬೀಟೆಗೆ ಇದರಿಂದ ಏನಾಯಿತು? ಬಂದರಿನಲ್ಲಿ ಕಾವಲು ಕೂತಿತು, ಒಳ್ಳೆಯದೇ. ಆದರೆ ನಮ್ಮಲ್ಲಿ ಬೀಟೆ ಸಾಯುವುದು ಬಂದರಿನಲ್ಲಿ ಅಲ್ಲವಲ್ಲ. ನಾನು ಹತ್ತನೇ ಕ್ಲಾಸಿನಲ್ಲಿದ್ದಾಗ ಕಳೆ ಹೊಡೆಸುವ ಕೆಲಸ ನಡೆಯುತ್ತಿತ್ತು. ಅಪ್ಪ ಮುಂದೆ, ನಾನು ಹಿಂದೆ. ಗೋಣಿ ಮರದ ಬುಡದ ಹತ್ತಿರ ಮೊಣಕಾಲೆತ್ತರದ ಒಂದು ಸಸಿ. ದುಂಡು ದುಂಡು ಎಲೆ, ತುದಿ ಸ್ವಲ್ಪ ಒಳಗೆ ಸೀಳಿದ ಹಾಗೆ. ಅಪ್ಪ ಬಗ್ಗಿ ನೋಡಿದರು, ಕತ್ತಿ ಬೀಸಿದರು, ಮುಂದೆ ನಡೆದರು. ನಾನು ಕೇಳಿದೆ. "ಬೀಟೆ. ದೊಡ್ಡದಾದರೆ ಸರ್ಕಾರದ್ದು. ಬೀಳುವಾಗ ಮಾತ್ರ ನಮ್ಮ ಗಿಡದ ಮೇಲೆ ಬೀಳುತ್ತೆ," ಅಂದರು. ನಮ್ಮದು ಕಂದಾಯ ಕಟ್ಟಿ ಮರದ ಹಕ್ಕು ಬಿಡಿಸಿಕೊಳ್ಳದ ಬಾಣೆ, ಅಂದರೆ ಗದ್ದೆಯ ಜೊತೆಗೆ ಬಂದ ಮರಗಾಡಿನ ಜಮೀನು. ಅಂಥ ಜಾಗದ ಮರಕ್ಕೆ ಒಡೆಯ ನಾವಲ್ಲ, ನೆರಳಿಗಷ್ಟೇ ನಾವು. ಈ ಸಭೆಯಲ್ಲಿರುವ ಹಿರಿಯರಲ್ಲಿ ಬೀಟೆ ಸಸಿಗೆ ಕತ್ತಿ ಬೀಸದವರು ಇದ್ದರೆ ಕೈ ಎತ್ತಿ. ನೋಡಿ, ಎಲ್ಲ ನಗುತ್ತಿದ್ದೀರಿ.

ಸೈಟಿಸ್ ಪಟ್ಟಿಗೆ ಆ ಕತ್ತಿ ಕಾಣುವುದಿಲ್ಲ. ವ್ಯಾಪಾರದ ನಿಯಮಕ್ಕೆ ಕಾಣುವುದು ವ್ಯಾಪಾರಕ್ಕೆ ಬಂದದ್ದು ಮಾತ್ರ.

ಇನ್ನೊಂದು ಪುಟ್ಟ ಕತೆ, ದಾರಿ ತಪ್ಪಿದರೂ ಹೇಳಿಬಿಡುತ್ತೇನೆ. ನಾವು ಸಣ್ಣವರಿದ್ದಾಗ ಕಪ್ಪೆಯ ಕಾಲು ನಮ್ಮ ದೇಶದಿಂದ ರಫ್ತಾಗುತ್ತಿತ್ತು, ಯುರೋಪಿಗೆ, ಅಮೆರಿಕಕ್ಕೆ. ಗದ್ದೆಯ ಕಪ್ಪೆ ಹಿಡಿದು ಕಾಲು ಕತ್ತರಿಸಿ ಐಸಿನಲ್ಲಿಟ್ಟು ಕಳಿಸುವುದು. ಗದ್ದೆಯಲ್ಲಿ ಹುಳ ತಿನ್ನುವವನನ್ನು ಮಾರಿ, ಬಂದ ಡಾಲರಿನಲ್ಲಿ ಹುಳದ ಔಷಧಿ ತರಿಸಿದರೆ ಲಾಭ ಯಾರಿಗೆ ಅಂತ ಜನ ಕೇಳತೊಡಗಿದರು. 1987ರಲ್ಲಿ ಸರ್ಕಾರ ರಫ್ತು ನಿಲ್ಲಿಸಿತು. ನಮ್ಮ ಕಪ್ಪೆ ಬದುಕಿತು. ಫ್ರಾನ್ಸಿನವರ ಊಟದ ತಟ್ಟೆ ಖಾಲಿಯಾಯಿತಾ? ಇಲ್ಲ, ಇಂಡೊನೇಷ್ಯಾದ ಕಪ್ಪೆ ಹೋಗತೊಡಗಿತು. ಒಂದು ಬಾಗಿಲು ಮುಚ್ಚಿದರೆ ಬೇಡಿಕೆ ಪಕ್ಕದ ಮನೆಯ ಬಾಗಿಲು ಬಡಿಯುತ್ತದೆ.

ಈಗ ನೀವೆಲ್ಲ ಕೇಳಲು ಬಂದಿರುವ ವಿಷಯ. ಯುರೋಪಿನ ಒಕ್ಕೂಟದ ಅರಣ್ಯನಾಶ ತಡೆ ಕಾನೂನು. 2023ರ ಜೂನ್ 29ರಂದು ಅದು ಕಾನೂನಾಯಿತು. ಏಳು ಸರಕುಗಳಿಗೆ ಅನ್ವಯ: ದನ, ಕೋಕೊ, ಕಾಫಿ, ತಾಳೆ ಎಣ್ಣೆ, ರಬ್ಬರ್, ಸೋಯಾ, ಮರ. ಕರಿಮೆಣಸು, ಏಲಕ್ಕಿ ಅದರಲ್ಲಿಲ್ಲ. 2020ರ ಡಿಸೆಂಬರ್ 31ರ ನಂತರ ಕಾಡು ಕಡಿದ ಜಾಗದಲ್ಲಿ ಬೆಳೆದದ್ದಾಗಿರಬಾರದು, ಬೆಳೆದ ದೇಶದ ಕಾನೂನಿಗೆ ತಕ್ಕಂತೆ ಬೆಳೆದದ್ದಾಗಿರಬೇಕು. ಹೊಣೆ ಅಲ್ಲಿ ತರಿಸಿಕೊಳ್ಳುವ ಕಂಪನಿಯದ್ದು. ತಪ್ಪಿದರೆ ದಂಡ ವಹಿವಾಟಿನ ಶೇ. 4ರಷ್ಟು ಅಥವಾ ಅದಕ್ಕೂ ಮೇಲೆ ಹೋಗಬಹುದು. ಜಾರಿಯ ದಿನ ಮೊದಲು 2024ರ ಡಿಸೆಂಬರ್ 30 ಅಂದರು, ಒಂದು ವರ್ಷ ಮುಂದೆ ಹಾಕಿದರು, ಮತ್ತೆ ಇನ್ನೊಂದು ವರ್ಷ ಹಾಕಿದರು. ಈಗ ದೊಡ್ಡ, ಮಧ್ಯಮ ಕಂಪನಿಗಳಿಗೆ 2026ರ ಡಿಸೆಂಬರ್ 30, ಸಣ್ಣ, ತೀರ ಸಣ್ಣವಕ್ಕೆ 2027ರ ಜೂನ್ 30. ಪದೇ ಪದೇ ಮುಂದೆ ಹೋಗುವುದನ್ನು ನೋಡಿ, ಇದು ಬರುವುದೇ ಇಲ್ಲ ಅಂತ ಕೆಲವರು ನಿಶ್ಚಿಂತೆಯಾಗಿದ್ದಾರೆ. ನಮ್ಮ ದೇಶದ ಕಾಫಿಯಲ್ಲಿ ಸುಮಾರು ಮೂರನೇ ಒಂದು ಭಾಗ ಈ ಜಿಲ್ಲೆಯದ್ದು. ರಫ್ತಾಗುವ ಕಾಫಿಗೆ ದೊಡ್ಡ ಗಿರಾಕಿಗಳು ಇಟಲಿ, ಜರ್ಮನಿ, ಬೆಲ್ಜಿಯಂ. ಅಷ್ಟು ನಿಶ್ಚಿಂತೆ ನನಗಂತೂ ಇಲ್ಲ.

ಒಂದು ಸಮಾಧಾನ ಏನೆಂದರೆ 2025ರ ಮೇ ತಿಂಗಳಲ್ಲಿ ದೇಶಗಳನ್ನು ವಿಂಗಡಿಸಿದಾಗ ಭಾರತವನ್ನು ಕಡಿಮೆ ಅಪಾಯದ ಪಟ್ಟಿಗೆ ಹಾಕಿದರು. ತಪಾಸಣೆ ಹಗುರ. ಆದರೆ ತೋಟದ ಜಾಗ ಹೇಳುವುದು ತಪ್ಪುವುದಿಲ್ಲ. 4 ಹೆಕ್ಟೇರಿಗಿಂತ, ಅಂದರೆ ಸುಮಾರು ಹತ್ತು ಎಕರೆಗಿಂತ ದೊಡ್ಡ ತುಂಡಾದರೆ ಸುತ್ತಳತೆಯ ಗಡಿ ಗೆರೆ ಬೇಕು. ಅದಕ್ಕಿಂತ ಚಿಕ್ಕದಾದರೆ ಒಂದು ಚುಕ್ಕೆ ಸಾಕು. ನನ್ನದು ಎಂಟು ಎಕರೆ, ಒಂದು ಚುಕ್ಕೆ.

ಆ ಚುಕ್ಕೆ ಇಡಲು ನನ್ನ ಅಣ್ಣನ ಮಗ ಮೊಬೈಲ್ ಹಿಡಿದು ಬಂದ. ಹೆಬ್ಬಲಸಿನ ಕೆಳಗೆ ನಿಂತರೆ ಚುಕ್ಕೆ ತೋಡಿನಲ್ಲಿ ಬಿತ್ತು. ನಾಲ್ಕು ಹೆಜ್ಜೆ ಈಚೆ ಬಂದರೆ ಪಕ್ಕದವರ ಕಣದಲ್ಲಿ. "ಚಿಕ್ಕಪ್ಪ, ಮರ ಜಾಸ್ತಿ ಆಯ್ತು, ಸಿಗ್ನಲ್ ಸಿಗಲ್ಲ," ಅಂದ. ಕೊನೆಗೆ ಕಣದ ನಡುವೆ, ಮೇಲೆ ಆಕಾಶ ಕಾಣುವ ಕಡೆ ನಿಂತು ಒತ್ತಿದ. ನನ್ನ ತೋಟದಲ್ಲಿ ಮರವೇ ಇಲ್ಲದ ಜಾಗ ಅದೊಂದು. ಯುರೋಪಿಗೆ ನನ್ನ ತೋಟ ಅಂತ ಗೊತ್ತಾಗುವುದು ಆ ಜಾಗ.

ಈ ಕಾನೂನಿಗೆ ಕಾಡು ಅಂದರೆ ಏನು? ಅರ್ಧ ಹೆಕ್ಟೇರಿಗಿಂತ ಹೆಚ್ಚು ಜಾಗ, ಐದು ಮೀಟರಿಗಿಂತ ಎತ್ತರದ ಮರ, ಹತ್ತರಲ್ಲಿ ಒಂದು ಭಾಗಕ್ಕಿಂತ ಹೆಚ್ಚು ಮರದ ನೆತ್ತಿ. ಈ ಲೆಕ್ಕದಲ್ಲಿ ನಮ್ಮ ಎಲ್ಲ ತೋಟವೂ ಕಾಡೇ! ಆದರೆ ಮರದ ನೆರಳಿನಲ್ಲಿ ಬೆಳೆ ತೆಗೆಯುವ ಜಾಗವನ್ನು ಕೃಷಿ ಅಂತಲೇ ಎಣಿಸಬೇಕು ಅಂತಲೂ ಅದರಲ್ಲಿ ಸ್ಪಷ್ಟವಾಗಿ ಬರೆದಿದ್ದಾರೆ. ಹಾಗಾಗಿ ಓದಿದರೆ ಭಯವಿಲ್ಲ. ಭಯ ಇರುವುದು ಓದದೆ ಮೇಲಿನಿಂದ ನೋಡುವವನ ಬಗ್ಗೆ. ಉಪಗ್ರಹದ ಚಿತ್ರದಲ್ಲಿ ನೆರಳಿನ ತೋಟಕ್ಕೂ ಕಾಡಿಗೂ ವ್ಯತ್ಯಾಸ ತಿಳಿಯುವುದು ಕಷ್ಟ. 2020ರ ಚಿತ್ರದಲ್ಲಿ ನಿಮ್ಮ ತೋಟ ಕಾಡಿನ ಹಾಗೆ ಹಸಿರಾಗಿ ಕಂಡಿದೆ ಅಂತ ಇಟ್ಟುಕೊಳ್ಳಿ. ಈ ವರ್ಷ ಮುಂಗಾರಿಗೆ ಮುಂಚೆ ನೀವು ಮರಗಸಿ ಮಾಡಿಸುತ್ತೀರಿ. ಕೊಂಬೆಗಳೆಲ್ಲ ಇಳಿದು ನೆಲಕ್ಕೆ ಬಿಸಿಲು ಬೀಳುತ್ತದೆ. ಮೇಲಿನಿಂದ ನೋಡುವ ಯಂತ್ರಕ್ಕೆ ಏನನ್ನಿಸಬೇಕು? ಕಾಡು ಹೋಯಿತು ಅಂತ. ಎರಡು ಮಳೆಗಾಲದಲ್ಲಿ ಚಿಗುರಿ ಮೊದಲಿನಂತಾಗುತ್ತದೆ ಅಂತ ನಮ್ಮ ತೋಟದ ಲೆಕ್ಕ ಬರೆಯುವ ರೈಟರಿಗೆ ಗೊತ್ತು, ಯಂತ್ರಕ್ಕೆ ಗೊತ್ತಿಲ್ಲ.

ಇನ್ನು ದೇಶದ ಕಾನೂನಿಗೆ ತಕ್ಕಂತೆ ಅನ್ನುವ ಮಾತು. ಇದರಲ್ಲಿ ಭೂಮಿಯ ಹಕ್ಕೂ ಸೇರಿದೆ. ಇಡೀ ಕುಟುಂಬಕ್ಕೆ ವಂಶಪಾರಂಪರ್ಯವಾಗಿ ಬಂದ ನಮ್ಮ ಜಮ್ಮಾ ಬಾಣೆಯ ಆರ್‌ಟಿಸಿಯಲ್ಲಿ ಎಷ್ಟು ಜನರ ಹೆಸರಿದೆ ಅಂತ ನಿಮಗೆ ಹೇಳಬೇಕಾಗಿಲ್ಲ. ಕುಟುಂಬದ ಯಜಮಾನರಾದ ಪಟ್ಟೇದಾರರು ತೀರಿಕೊಂಡು, ಹಿರಿಯರ ಗುಡಿಯಾದ ಕೈಮಡದಲ್ಲಿ ಎಡೆ ಇಡಿಸಿಕೊಳ್ಳುತ್ತಿದ್ದಾರೆ, ಆರ್‌ಟಿಸಿಯಲ್ಲಿ ಇನ್ನೂ ತೋಟ ಮಾಡುತ್ತಿದ್ದಾರೆ. ಜರ್ಮನಿಯ ಗುಮಾಸ್ತನಿಗೆ ಇದನ್ನು ಹೇಗೆ ಅರ್ಥ ಮಾಡಿಸುವುದೋ ನಾನು ಕಾಣೆ. ಮೂವತ್ತು ಸಾಲಿನ ಟಿಪ್ಪಣಿಯಾದರೂ ಬೇಕು.

ಸಣ್ಣವರಿಗೆ ನಿಜವಾದ ತೊಡಕು ಇನ್ನೊಂದು. ನಮ್ಮ ದೇಶದ ಕಾಫಿ ಬೆಳೆಗಾರರಲ್ಲಿ ನೂರಕ್ಕೆ ತೊಂಬತ್ತೆಂಟಕ್ಕೂ ಹೆಚ್ಚು ಮಂದಿ ಹತ್ತು ಹೆಕ್ಟೇರಿನ ಒಳಗಿನವರು. ನಾಲ್ಕು ಚೀಲ ಚೆರಿ, ಅಂದರೆ ಒಣಗಿಸಿದ ಇಡೀ ಹಣ್ಣು, ಇದ್ದವನು ಕ್ಯೂರಿಂಗ್‌ಗೆ ಹೋಗುವುದಿಲ್ಲ, ಊರಿನ ಏಜೆಂಟರಿಗೆ ಕೊಡುತ್ತಾನೆ. ಏಜೆಂಟರ ಗೋದಾಮಿನಲ್ಲಿ ನಲವತ್ತು ಮನೆಯ ಚೆರಿ ಒಂದೇ ರಾಶಿ. ಈ ಕಾನೂನಿನಲ್ಲಿ ಎಲ್ಲಿಯದು ಅಂತ ಗೊತ್ತಿಲ್ಲದ ಒಂದು ಚೀಲ ಬೆರೆತರೂ ಇಡೀ ರಾಶಿ ಕೆಟ್ಟಂತೆ. ಆಗ ಏಜೆಂಟರು ಏನು ಮಾಡುತ್ತಾರೆ? ಕಾಗದ ಇಲ್ಲದವನ ಚೆರಿಯನ್ನು ಬೇರೆ ಇಟ್ಟು ಚೀಲಕ್ಕೆ ಇನ್ನೂರೋ ಮುನ್ನೂರೋ ಕಡಿಮೆ ಕೊಡುತ್ತಾರೆ. ನೀರು ತಗ್ಗಿಗೆ ಹರಿಯುತ್ತದೆ, ಖರ್ಚೂ ಹಾಗೆಯೇ. ಕೆರಿಬಿಯನ್‌ಗೆ ಮೂರು ವರ್ಷ, ನಮಗೆ ನಾಲ್ಕು ತಿಂಗಳು ಅಂದಿದ್ದೆನಲ್ಲ, ಅದೇ ತರಹದ ಅನ್ಯಾಯ ನಮ್ಮೂರಿನೊಳಗೇ ಆಗುತ್ತದೆ. ಇದನ್ನು ಯುರೋಪಿನವರು ತಿದ್ದುವುದಿಲ್ಲ, ಇಲ್ಲಿನ ಸೊಸೈಟಿಗಳು ಒಟ್ಟಾಗಿ ಚುಕ್ಕೆ ಇಟ್ಟುಕೊಟ್ಟರೆ ತಿದ್ದಬಹುದು.

ಇಷ್ಟೆಲ್ಲ ದೂರಿದೆ. ಆದರೆ ನನ್ನ ಮುಖ್ಯ ತಕರಾರು ಇವುಗಳಲ್ಲ. ಈ ಕಾನೂನು ಕೇಳುವುದು ಒಂದೇ ಪ್ರಶ್ನೆ: ಕಡಿದೆಯಾ? ಏನು ಉಳಿಸಿದೆ ಅಂತ ಕೇಳುವುದೇ ಇಲ್ಲ.

ಬ್ರೆಜಿಲ್‌ನ ಸೆರಾಡೊ ಅನ್ನುವ ಬಯಲು ಸೀಮೆಯಲ್ಲಿ ಕಾಫಿಯನ್ನು ಬಟಾಬಯಲಿನಲ್ಲಿ ಸಾಲು ಸಾಲಾಗಿ ನೆಟ್ಟು ಯಂತ್ರದಲ್ಲಿ ಕೊಯ್ಯುತ್ತಾರೆ. ಮೈಲಿಗಟ್ಟಲೆ ಒಂದು ಮರ ಇಲ್ಲ. ಅಲ್ಲಿನ ಕುರುಚಲು ಸವನ್ನಾ ಈ ಕಾನೂನಿನ ಅರ್ಥದಲ್ಲಿ ಬಹುಪಾಲು ಕಾಡೂ ಅಲ್ಲ. ನಲವತ್ತು ವರ್ಷದ ಹಿಂದೆ ಬಯಲು ಮಾಡಿದ ಆ ಜಾಗದ ಕಾಫಿಗೂ, ನಂದಿ, ಮತ್ತಿ, ಹೊನ್ನೆ, ಅತ್ತಿ, ನೇರಳೆ, ಹಲಸು ಇಟ್ಟುಕೊಂಡ ಪಾಲಿಬೆಟ್ಟದ ತೋಟದ ಕಾಫಿಗೂ ಬಂದರಿನಲ್ಲಿ ಸಿಗುವುದು ಒಂದೇ ಪಾಸು. ಇನ್ನೂ ಮುಂದೆ ಹೋಗಿ ನೋಡಿ. ನಾಳೆ ನಾನು ನನ್ನ ತೋಟದ ಕಾಡುಮರಗಳನ್ನೆಲ್ಲ ತೆಗೆದು ಬರೀ ಸಿಲ್ವರ್ ಓಕ್ ಮರ ನೆಟ್ಟರೆ? ತೋಟ ಮೊದಲೂ ಕೃಷಿ, ಆಮೇಲೂ ಕೃಷಿ. ಕಾನೂನಿನ ಪ್ರಕಾರ ಏನೂ ಆಗಿಲ್ಲ. ಮಂಗಟ್ಟೆಗೆ ಮಾತ್ರ ಹಣ್ಣಿಲ್ಲ, ಗೂಡಿಗೆ ಪೊಟರೆಯಿಲ್ಲ.

ಇದು ಆಗಲೇ ನಡೆದಿರುವ ಸಂಗತಿ. ಸಿಲ್ವರ್ ಆಸ್ಟ್ರೇಲಿಯಾದ ಮರ. ನೆಟ್ಟಗೆ ಬೆಳೆಯುತ್ತದೆ, ಬೇಗ ಬೆಳೆಯುತ್ತದೆ, ಮೆಣಸಿನ ಬಳ್ಳಿ ಹತ್ತುತ್ತದೆ, ಪ್ಲೈವುಡ್‌ನವರು ಕೊಳ್ಳುತ್ತಾರೆ. ಎಲ್ಲಕ್ಕಿಂತ ಮುಖ್ಯವಾಗಿ, ಕಡಿಯಲು ಅರಣ್ಯ ಇಲಾಖೆಯ ಅನುಮತಿ ಬೇಡ. ಕಾಡುಮರ ಸಾಕಿದವನಿಗೆ ಕಚೇರಿ ಅಲೆದಾಟ, ಹೊರಗಿನ ಮರ ನೆಟ್ಟವನಿಗೆ ರೊಕ್ಕ. ಇಂಥ ಏರ್ಪಾಡಿನಲ್ಲಿ ಸಿಲ್ವರ್ ನೆಟ್ಟವನನ್ನು ನಾನು ಬೈಯುವುದಿಲ್ಲ. ನಾನೂ ನೆಟ್ಟಿದ್ದೇನೆ.

ಕಾಡುಮರ ಯಾವಾಗ ಬೀಳುತ್ತದೆ ಅನ್ನುವುದರಲ್ಲೂ ವ್ಯಾಪಾರದ ಕತೆ ಇದೆ. 1989ರ ಜುಲೈವರೆಗೆ ಅಂತರರಾಷ್ಟ್ರೀಯ ಕಾಫಿ ಒಪ್ಪಂದದ ಕೋಟಾ ಇತ್ತು. ಯಾವ ದೇಶ ಎಷ್ಟು ಮಾರಬೇಕು ಅಂತ ಹಂಚಿಕೆ, ಅದರಿಂದ ಬೆಲೆ ಒಂದು ಮಟ್ಟದಲ್ಲಿ ನಿಲ್ಲುತ್ತಿತ್ತು. ಅದು ಮುರಿದುಬಿತ್ತು. ಇಲ್ಲಿ ಎಲ್ಲರ ಕಾಫಿಯನ್ನೂ ಕಾಫಿ ಬೋರ್ಡೇ ಒಟ್ಟುಗೂಡಿಸಿ ಮಾರುತ್ತಿದ್ದ ಪೂಲ್ ಪದ್ಧತಿಯೂ ತೊಂಬತ್ತರ ದಶಕದಲ್ಲಿ ಹೋಯಿತು. ಬ್ರೆಜಿಲ್‌ನಲ್ಲಿ ಹಿಮ ಬಿದ್ದು 1994ರಲ್ಲಿ ಬೆಲೆ ಏರಿದಾಗ ನಮ್ಮಲ್ಲಿ ಎಷ್ಟು ಜೀಪು ಬಂದವು ನೆನಪಿದೆಯಲ್ಲ? ಅದಾಗಿ ಐದಾರು ವರ್ಷಕ್ಕೆ, 2000ದಿಂದ ಮೂರು ವರ್ಷ, ಕೊಯ್ದ ಕೂಲಿಯೂ ಹುಟ್ಟದ ಬೆಲೆ. ಆಗ ಮಗಳ ಮದುವೆಗೆ, ಬ್ಯಾಂಕಿನ ಕಂತಿಗೆ ಕಾಫಿ ಕೈಕೊಟ್ಟಾಗ ಕಡಿದು ಮಾರುವುದಕ್ಕೆ ಇದ್ದದ್ದು ಮರ. ಬೆಲೆ ಬಿದ್ದಾಗ ಮರ ಬೀಳುತ್ತದೆ. ಬೆಲೆ ಏರಿದಾಗ ಕ್ಷೇಮವಾ? 2024–25ರಲ್ಲಿ ಲಂಡನ್ ಮಾರುಕಟ್ಟೆಯಲ್ಲಿ ರೋಬಸ್ಟಾ ಟನ್ನಿಗೆ 5,000 ಡಾಲರ್ ದಾಟಿತು. ಆ ವರ್ಷ ಎಷ್ಟು ತೋಟಗಳಲ್ಲಿ "ಸ್ವಲ್ಪ ಬಿಸಿಲು ಬಿಡೋಣ, ಇನ್ನೆರಡು ಚೀಲ ಜಾಸ್ತಿ ಬರುತ್ತೆ" ಅಂದದ್ದನ್ನು ನಾನೇ ಕೇಳಿದ್ದೇನೆ. ಏರಿದರೂ ಕೊಡಲಿ, ಇಳಿದರೂ ಕೊಡಲಿ.

ಮೆಣಸಿನದ್ದೂ ಇದೇ. ಅತ್ತಿ ಮರಕ್ಕೆ ಹತ್ತಿಸಿದ ಬಳ್ಳಿಗೆ ಬೆಲೆ ಇರುವವರೆಗೆ ಆ ಮರಕ್ಕೆ ಆಯುಷ್ಯ. ಶ್ರೀಲಂಕಾದ ಜೊತೆಗಿನ ಒಪ್ಪಂದದಲ್ಲಿ ವರ್ಷಕ್ಕೆ 2,500 ಟನ್ ಮೆಣಸು ಸುಂಕವಿಲ್ಲದೆ ಬರಬಹುದು. ಆ ದಾರಿಯಲ್ಲಿ ವಿಯೆಟ್ನಾಂ ಮೆಣಸೂ ನುಸುಳುತ್ತಿದೆ ಅಂತ ಬೆಳೆಗಾರರು ಗಲಾಟೆ ಮಾಡಿದ ಮೇಲೆ, 2017ರ ಡಿಸೆಂಬರಿನಲ್ಲಿ ಕಿಲೋಗೆ 500 ರೂಪಾಯಿಗಿಂತ ಕಡಿಮೆ ಬೆಲೆಯ ಮೆಣಸು ಬರಕೂಡದು ಅಂತ ಕೇಂದ್ರ ಸರ್ಕಾರ ಆದೇಶ ಮಾಡಿತು. ಅದನ್ನು ಯಾರೂ ಜೀವವೈವಿಧ್ಯದ ನೀತಿ ಅಂತ ಕರೆಯಲಿಲ್ಲ. ನನ್ನ ಕಣ್ಣಿಗೆ ಅದೂ ಅದೇ.

ಒಳಗೆ ಬರುವ ವ್ಯಾಪಾರದ ಮೇಲೂ ಕಣ್ಣಿರಬೇಕು. ಕಾಫಿ ಕಾಯಿಕೊರಕ ನಮ್ಮದಲ್ಲ, ಆಫ್ರಿಕದ್ದು. ಈ ದೇಶದಲ್ಲಿ ಮೊದಲು ಕಂಡದ್ದು 1990ರಲ್ಲಿ, ನೀಲಗಿರಿಯ ಗೂಡಲೂರಿನಲ್ಲಿ. ಅಲ್ಲಿಂದ ಇಲ್ಲಿಗೆ ಎಷ್ಟು ದೂರ? ಹಣ್ಣಿನ ತುದಿಯಲ್ಲಿ ಸೂಜಿ ಚುಚ್ಚಿದಂತೆ ಒಂದು ತೂತು, ಒಡೆದರೆ ಒಳಗೆ ಹಿಟ್ಟು. ಶನಿವಾರಸಂತೆ ಕಡೆಯವರು ಆಫ್ರಿಕದ ಬಸವನಹುಳುವನ್ನು ರಾತ್ರಿ ಟಾರ್ಚು ಹಿಡಿದು ಬಕೆಟಿಗೆ ಆರಿಸಿ ಉಪ್ಪು ಸುರಿದದ್ದು ನೋಡಿದ್ದೇವೆ. ಅಂದಕ್ಕೆ ಅಂತ ತಂದ ಲಂಟಾನ ಬಂಡೀಪುರ, ನಾಗರಹೊಳೆಯ ಕಾಡಿನ ತಳವನ್ನೇ ತಿಂದಿದೆ. ಬಂದರಿನಲ್ಲಿ ಒಂದು ಮೂಟೆ ಸರಿಯಾಗಿ ನೋಡದೆ ಬಿಟ್ಟದ್ದಕ್ಕೆ ಮೂರು ತಲೆಮಾರು ಕಳೆ ಕೀಳುತ್ತದೆ. ಹೊಸ ಮುಕ್ತ ವ್ಯಾಪಾರದ ಒಪ್ಪಂದಗಳು ಬಂದಾಗ ಸುಂಕ ಎಷ್ಟು ಇಳಿಯಿತು ಅಂತ ಪತ್ರಿಕೆ ಬರೆಯುತ್ತದೆ. ಕ್ವಾರಂಟೈನಿನ ಕಚೇರಿಗೆ ಎಷ್ಟು ಜನ ನೇಮಕವಾದರು ಅಂತಲೂ ಬರೆದರೆ ಚೆನ್ನ.

ಹಾಗಾದರೆ ನಾವು ಏನು ಬೇಡಿಕೆ ಇಡಬೇಕು ಅಂತ ವಿದ್ಯಾರ್ಥಿಗಳು ಮೊದಲೇ ಚೀಟಿ ಕಳಿಸಿದ್ದಾರೆ. ನನಗೆ ತೋಚಿದ್ದು ಹೇಳುತ್ತೇನೆ, ಒಪ್ಪಲೇಬೇಕೆಂದಿಲ್ಲ. 2025ರ ಜುಲೈನಲ್ಲಿ ಬ್ರಿಟನ್ ಜೊತೆ ಸಹಿಯಾದ ಒಪ್ಪಂದದಲ್ಲಿ ಪರಿಸರದ್ದೇ ಒಂದು ಅಧ್ಯಾಯ ಇದೆ. ಮೊದಲು ನಮ್ಮ ದೇಶ ಅಂಥ ಅಧ್ಯಾಯಕ್ಕೆ ಒಪ್ಪುತ್ತಲೇ ಇರಲಿಲ್ಲ. ಒಪ್ಪಿದ ಮೇಲೆ ಅದನ್ನು ನಮ್ಮ ಕಡೆಗೆ ತಿರುಗಿಸಿಕೊಳ್ಳಬೇಕು. ನೆರಳಿನ ಕಾಫಿಗೆ, ಇಂತಿಷ್ಟು ಜಾತಿಯ ಸ್ಥಳೀಯ ಮರ ಇರುವ ತೋಟದ ಕಾಫಿಗೆ ಬೇರೆಯದೇ ಒಂದು ಸುಂಕದ ಸಂಖ್ಯೆ, ಬೇರೆ ದರ ಯಾಕಿರಬಾರದು? ವಸ್ತು ಒಂದೇ ಆದರೂ ಹುಟ್ಟಿದ ರೀತಿ ಬೇರೆ ಅನ್ನುವ ವಾದವನ್ನು ನಮ್ಮ ಮೇಲೆ ಹೊರಿಸಿದವರು ಅವರೇ ತಾನೇ? ಶಿಕ್ಷೆಗೆ ಆಗುವ ವಾದ ಬಹುಮಾನಕ್ಕೂ ಆಗಬೇಕು. ಖಾಸಗಿಯಾಗಿ ಇದು ನಡೆದಿದೆ. ಹಕ್ಕಿಸ್ನೇಹಿ ಅಂತ ಅಮೆರಿಕದ ಸ್ಮಿತ್ಸೋನಿಯನ್ ಸಂಸ್ಥೆ ಕೊಡುವ ಮುದ್ರೆಗೆ ಕನಿಷ್ಠ ಶೇ. 40ರಷ್ಟು ನೆರಳು ಬೇಕು. ಆದರೆ ತೋಟ ಪೂರ್ತಿ ಸಾವಯವ ಆಗಿರಬೇಕು ಅನ್ನುವ ಷರತ್ತಿನಲ್ಲಿ ನಮ್ಮಲ್ಲಿ ಬಹುತೇಕರು ಮುಗ್ಗರಿಸುತ್ತೇವೆ.

ಜೊತೆಗೆ ಬೆಂಗಳೂರಿನಲ್ಲಿ ಕೇಳಬೇಕಾದ್ದು ಬೆಂಗಳೂರಿನಲ್ಲೇ ಕೇಳಬೇಕು: ಸಾಕಿದವನಿಗೆ ಬೀಟೆಯಲ್ಲಿ ಪಾಲು ಕೊಡಿ. ಅದು ಆಗದೆ ಜಿನೀವಾದಲ್ಲಿ ಏನು ಬರೆದರೂ ಕತ್ತಿ ನಿಲ್ಲುವುದಿಲ್ಲ.

ಹಿಂದಿನ ಸಾಲಿನಿಂದ ಒಬ್ಬರು, ಮರ ಉಳಿಸಿದರೆ ಬೆಳೆಗಾರನಿಗೆ ಏನು ಬಂತು ಅಂತ ಕೇಳಿದರು. ಸರ್ಕಾರದ್ದು ಬಿಡಿ, ಹೂವಿನದ್ದು ಹೇಳುತ್ತೇನೆ. ರೋಬಸ್ಟಾ ಗಿಡ ತನ್ನ ಪರಾಗದಲ್ಲಿ ತಾನು ಕಾಯಿ ಕಟ್ಟುವುದಿಲ್ಲ. ಬೇರೆ ಗಿಡದ್ದು ಬರಬೇಕು, ಗಾಳಿ ತರಬೇಕು ಇಲ್ಲ ಜೇನು ತರಬೇಕು. ಹೂಮಳೆ ಬಿದ್ದು ಎಂಟೊಂಬತ್ತು ದಿನಕ್ಕೆ ತೋಟ ಬೆಳ್ಳಗಾಗುತ್ತದಲ್ಲ, ಆ ಎರಡು ಮೂರು ದಿನ ಹೆಜ್ಜೇನು ಎಲ್ಲಿಂದ ಬರುತ್ತದೆ? ಎತ್ತರದ ಬಳಂಜಿ, ಗೋಣಿ ಮರದ ಕೊಂಬೆಯಿಂದ. ಸಿಲ್ವರಿನಲ್ಲಿ ಹೆಜ್ಜೇನು ಗೂಡು ಕಟ್ಟಿದ್ದನ್ನು ನಾನಂತೂ ಕಂಡಿಲ್ಲ. 1991–92ರಲ್ಲಿ ಥಾಯ್ ರೋಗ ಬಂದು ನಮ್ಮ ತುಡುವೆ ಪೆಟ್ಟಿಗೆಗಳೆಲ್ಲ ಖಾಲಿಯಾದ ವರ್ಷಗಳಲ್ಲಿ ನಮ್ಮನ್ನು ಕಾಪಾಡಿದ್ದು ಆ ಹೆಜ್ಜೇನೇ ಅಂತ ನನ್ನ ಅಪ್ಪ ಕೊನೆಯವರೆಗೂ ಹೇಳುತ್ತಿದ್ದರು.

ಕೊನೆಯದಾಗಿ ಒಂದು ಕೆಲಸ, ಇದಕ್ಕೆ ಯಾವ ದೇಶದ ಅಪ್ಪಣೆಯೂ ಬೇಡ. ಈ ಸಲ ಮರಗಸಿಗೆ ಆಳು ಬರುವ ಮುಂಚಿನ ದಿನ ತೋಟದ ನಾಲ್ಕು ಮೂಲೆಯಲ್ಲಿ ನಿಂತು ಮೇಲೆ ನೋಡಿ ಫೋಟೊ ತೆಗೆಯಿರಿ, ದಿನಾಂಕ ಬರುವ ಹಾಗೆ. ಮರಗಸಿ ಆದ ಮರುದಿನ ಅದೇ ಜಾಗದಲ್ಲಿ ಇನ್ನೊಮ್ಮೆ, ಮಳೆಗಾಲ ಕಳೆದ ಮೇಲೆ ಮತ್ತೊಮ್ಮೆ. ಎಷ್ಟು ಮರ, ಯಾವ ಜಾತಿ ಅಂತ ರೈಟರ ಪುಸ್ತಕದ ಹಿಂದಿನ ಹಾಳೆಯಲ್ಲಿ ಬರೆದಿಡಿ. ನನ್ನದರಲ್ಲಿ ಮೂವತ್ತೊಂದು ಜಾತಿ ಸಿಕ್ಕಿತು, ಇನ್ನೆರಡರ ಹೆಸರು ಗೊತ್ತಾಗಿಲ್ಲ. ಎಲೆ ತಂದಿದ್ದೇನೆ, ಪೊನ್ನಂಪೇಟೆಯ ಅರಣ್ಯ ಕಾಲೇಜಿನ ಮಕ್ಕಳು ಯಾರಾದರೂ ಬಂದಿದ್ದರೆ ಕಾಫಿಗೆ ಹೋಗುವಾಗ ಒಂದು ನಿಮಿಷ ನೋಡಿ ಹೇಳಿ.